ದನ ಇಳಿಯುವ ದಾರಿ

ಎಮ್ಮೆ ಮೂರನೇ ಸಲ ಜಾರಿ ನೀರಿಗೆ ಬಿತ್ತು. ಮುಂಗಾಲೆರಡೂ ಏರಿಯ ಹೊಸ ಮಣ್ಣಿಗೆ ಸಿಕ್ಕಿ, ಇನ್ನೇನು ನಿಂತಿತು ಎನ್ನುವಷ್ಟರಲ್ಲಿ ಜೇಡಿಮಣ್ಣು ಹೆಂಟೆಹೆಂಟೆಯಾಗಿ ಕಳಚಿಕೊಂಡು ಅದರ ಜೊತೆಗೇ ಕೆಳಕ್ಕೆ ಬಂತು. ಎದ್ದ ಅಲೆ ಆಚೆಯ ಕಲ್ಲಿನ ಗೋಡೆಗೆ ಬಡಿದು ವಾಪಸು ಬಂದು ಮಾದಮ್ಮನ ಮುಖಕ್ಕೆ ರಾಚಿತು.

"ಬ್ಯಾಡ ಕಣವ್ವ, ಇನ್ನು ಎಗರ್ಬ್ಯಾಡ. ಸುಮ್ಕೆ ನಿಂತ್ಕೊ," ಎನ್ನುತ್ತಿದ್ದಳು ಅವಳು. ಎದೆಮಟ್ಟದ ನೀರಿನಲ್ಲಿ ಸೀರೆಯುಟ್ಟಂತೆಯೇ ಇಳಿದಿದ್ದಳು. ಎಮ್ಮೆಯ ಗದ್ದವನ್ನು ತನ್ನ ಹೆಗಲ ಮೇಲೆ ಹೊತ್ತುಕೊಂಡು, ಒಂದು ಕೈಯಲ್ಲಿ ಕೊಂಬು ಹಿಡಿದಿದ್ದಳು. ಕಟ್ಟೆಯ ತಳದಲ್ಲಿ ತೆಗೆಯದೆ ಉಳಿದಿದ್ದ ಹೂಳಿನಲ್ಲಿ ಎಮ್ಮೆಯ ಹಿಂಗಾಲು ಮೊಣಕಾಲಿನವರೆಗೆ ಹೂತಿದ್ದವು. ಅದರ ಉಸಿರು ಏರಿಯ ಮೇಲೆ ನಿಂತವರಿಗೂ ಕೇಳುತ್ತಿತ್ತು. ಕರು ಹಾಕಲು ಇನ್ನು ಹದಿನೈದು ದಿನವಿತ್ತು.

ಲೋಕೇಶ ಏರಿಯ ಅಂಚಿನಲ್ಲಿ ನಿಂತು ಕೆಳಗೆ ನೋಡುತ್ತಿದ್ದ. ಏಳಡಿ ಎತ್ತರ, ಗೋಡೆಯ ಹಾಗೆ ನೆಟ್ಟಗೆ. ಟ್ರಾಕ್ಟರಿನ ಬ್ಲೇಡಿನಲ್ಲಿ ಅವನೇ ಕೆತ್ತಿದ್ದು. ನಿನ್ನೆ ಸಂಜೆ ಇದೇ ಏರಿಯ ಮುಂದೆ ಟ್ರಾಕ್ಟರ್ ನಿಲ್ಲಿಸಿ, ಬಿಸಿಲು ಬೀಳುವ ಕಡೆಯಿಂದ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದ್ದ. ನಲವತ್ತು ಜನ ನೋಡಿದ್ದರು.

"ಏನಪ್ಪಾ ಇಂಜಿನಿಯರು," ಎಂದ ಊರಿನ ಚಲುವರಾಜು ಹಿಂದಿನಿಂದ. ಹೆಗಲ ಮೇಲೆ ಸೇದುವ ಹಗ್ಗವಿತ್ತು. "ಏರಿಯೇನೋ ಬಲು ಚೆಂದಾಗಿ ಮಾಡಿದ್ದೀಯೆ. ಮ್ಯಾಕ್ಕೆ ಬರಕ್ಕೆ ಎಮ್ಮೆಗೇನು ಲಿಫ್ಟ್ ಮಡಗೀಯೋ?"

ಯಾರೋ ಇಬ್ಬರು ನಕ್ಕರು. ಲೋಕೇಶ ತಿರುಗಲಿಲ್ಲ. ತಿರುಗಿದ್ದರೆ ಹೊಡೆದೇಬಿಡುತ್ತಿದ್ದ.

ಆ ಕಟ್ಟೆಗೆ ಮೂರು ಕಡೆ ಹಳೇ ಕಾಲದ ಕಲ್ಲಿನ ಗೋಡೆ. ನಾಲ್ಕನೆಯದು ಮಣ್ಣಿನ ಏರಿ. ಊರಿನ ದನ ನೀರಿಗೆ ಇಳಿಯುವುದೂ ಹತ್ತುವುದೂ ಆ ಕಡೆಯಿಂದಲೇ. ಇಳಿದೂ ಹತ್ತಿಯೂ ಏರಿಯ ನಡು ಸವೆದು ತಗ್ಗಾಗಿ, ನಾಲೆಯಿಂದ ಬಿಟ್ಟ ನೀರಿನಲ್ಲಿ ಅರ್ಧ ಆಚೆಯ ಗದ್ದೆಗೆ ಹರಿದುಹೋಗುತ್ತಿತ್ತು. ಜೆಸಿಬಿ ತರಿಸೋಣವೆಂದರೆ ನಾಲೆಯ ಮೇಲಿನ ಕಲ್ಲಿನ ಸೇತುವೆ ಅದರ ಭಾರ ತಡೆಯದು. ಕಿರಂಗೂರಿನ ಕಡೆಯಿಂದ ಬರುವ ಕಬ್ಬಿನ ಲಾರಿಗಳೂ ಸೇತುವೆಯ ಆಚೆಯೇ ನಿಲ್ಲಬೇಕು. ಅದಕ್ಕೇ ಲೋಕೇಶನ ಮಿನಿ ಟ್ರಾಕ್ಟರಿಗೆ ಕೆಲಸ ಬಂದದ್ದು. ಅವನ ಎದೆಯೆತ್ತರಕ್ಕೂ ಬಾರದ ಗಾಡಿ. ಮುಂದೆ ಮಣ್ಣು ತೋಡುವ ಬಕೆಟ್ಟು, ಹಿಂದೆ ಕೆರೆಯುವ ಬ್ಲೇಡು. ಎರಡನ್ನೂ ಬಾಬುರಾಯನಕೊಪ್ಪಲಿನ ವೆಲ್ಡಿಂಗ್ ಅಂಗಡಿಯಲ್ಲಿ ನಾಲ್ಕು ದಿನ ಕೂತು ಮಾಡಿಸಿಕೊಂಡಿದ್ದ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಗೆ ಊರಿನ ಕಟ್ಟೆ ಕೊಡೋದಾ ಎಂದು ಕೇಳಿದವನು ಚಲುವರಾಜುವೇ. ಆ ಮಾತು ಲೋಕೇಶನ ಕಿವಿಗೆ ಬಂದಿತ್ತು. ಒಂಬತ್ತು ದಿನ ಅವನು ಗೇಯ್ದದ್ದು ಅರ್ಧ ಊರಿಗಾಗಿ, ಅರ್ಧ ಆ ಮಾತಿಗಾಗಿ.

ಭಾನುವಾರ ಸಂಜೆ ಒಣಗಿದ ಕಟ್ಟೆಯೊಳಗಿಂದ ಟ್ರಾಕ್ಟರನ್ನು ಹಳೇ ದನದ ದಾರಿಯಲ್ಲೇ ಮೇಲೆ ಹತ್ತಿಸಿ, ಆ ದಾರಿಯನ್ನು ಮಣ್ಣು ತುಂಬಿ ಮುಚ್ಚಿದ್ದ. ಏರಿ ಸವೆದು ಕೆಟ್ಟದ್ದೇ ಆ ದಾರಿಯಿಂದ. ಹೊಸ ದಾರಿಯನ್ನು ಹೊಂಗೆಮರದ ಮೂಲೆಯಲ್ಲಿ, ಗಟ್ಟಿ ನೆಲದಲ್ಲಿ ಕೊರೆಯಬೇಕೆಂದು ಅವನ ಲೆಕ್ಕ.

"ದನಕ್ಕೆ ದಾರಿ ಬುಡಲಿಲ್ವಲ್ಲಾ ಲೋಕಿ," ಎಂದು ಮಾದಮ್ಮ ಹುಲ್ಲಿನ ಹೊರೆ ಹೊತ್ತುಕೊಂಡು ಹೋಗುತ್ತ ನಿಂತು ಕೇಳಿದ್ದಳು.

"ನಾಳೆ ಬೆಳಗಾಗೆದ್ದು ಆ ಮೂಲೇಲಿ ಕೊರೀತೀನಿ ದೊಡ್ಡವ್ವ. ನೀರು ಬರೋದು ಬುಧುವಾರ."

"ಕತ್ಲಾಗಕ್ಕೆ ಇನ್ನೂ ವೊತ್ತದೆ. ಈಗ್ಲೇ ಕೊರ್ದುಬುಡು."

"ನಿಂಗೆ ಗೊತ್ತಾಗಾಕಿಲ್ಲ ಬುಡು ದೊಡ್ಡವ್ವ. ಮಣ್ಣು ಒಂದು ರಾತ್ರಿ ಕೂರ್ಬೇಕು."

ಮಣ್ಣು ಕೂರುವುದಕ್ಕೂ ಆ ಮೂಲೆಗೂ ಸಂಬಂಧವೇ ಇರಲಿಲ್ಲ. ಏರಿ ಈ ತುದಿಯಿಂದ ಆ ತುದಿಗೆ ಒಂದೇ ಗೀಟಿನಲ್ಲಿ ನಿಂತಿತ್ತು. ಒಂದು ರಾತ್ರಿಯಾದರೂ ಅದು ಹಾಗೇ ಇರಲಿ ಎಂದು ಅವನಿಗೆ ಆಸೆಯಾಗಿತ್ತು, ಅಷ್ಟೆ.

ಮನೆಗೆ ಬಂದು ಉಣ್ಣಲು ಕೂತಾಗ ಅಪ್ಪ ಹೊನ್ನಪ್ಪ ಕೈ ಚಾಚಿದ್ದ. "ಕೀಲಿಕೈ ಕೊಡ್ಲಾ. ನಾಳೆ ಸೋಮ್ವಾರ." ಕೆಲಸದ ಗುಂಗಿನಲ್ಲಿ ಲೋಕೇಶನಿಗೆ ವಾರದ ನೆನಪೇ ಇರಲಿಲ್ಲ.

ಸೋಮವಾರ ಬಸವನ ದಿನ. ಆ ಸೀಮೆಯಲ್ಲಿ ಅವತ್ತು ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹೊನ್ನಪ್ಪನ ಹಟ್ಟಿಯಲ್ಲಿ ಎತ್ತು ಇಲ್ಲದೆ ಆರು ವರ್ಷವಾಗಿತ್ತು. ನೇಮ ಮಾತ್ರ ಟ್ರಾಕ್ಟರಿನ ಮೇಲೆ ಬಂದು ಕೂತಿತ್ತು. ಪ್ರತಿ ಸೋಮವಾರ ಅವನೇ ಅದರ ಮೈ ತೊಳೆದು, ಬಾನೆಟ್ಟಿಗೆ ವಿಭೂತಿ ಬಳಿದು, ಹೂವಿಟ್ಟು, ಕೀಲಿಕೈಯನ್ನು ಸೊಂಟದ ಉಡಿದಾರಕ್ಕೆ ಗಂಟು ಹಾಕಿಕೊಳ್ಳುತ್ತಿದ್ದ. ಮಂಗಳವಾರ ಬೆಳಗಾಗುವವರೆಗೆ ಅದು ಬಿಚ್ಚುತ್ತಿರಲಿಲ್ಲ. ಲೋಕೇಶ ತಟ್ಟೆ ತಳ್ಳಿ ಎದ್ದು ಕೂಗಾಡಿದ್ದ. ಆಮೇಲೆ, ನೀರು ಬರುವುದು ಬುಧವಾರ ತಾನೆ, ಮಂಗಳವಾರ ಕೊರೆದರಾಯಿತು ಎಂದು ಮಲಗಿದ್ದ.

ಇಬ್ಬರೂ ಮರೆತದ್ದು ಒಂದೇ ಸಂಗತಿ. ದನ ಕಟ್ಟೆಗೆ ಹೊಡೆದು ಮೈ ತೊಳೆಯುವುದೂ ಸೋಮವಾರವೇ. ಮೇಲಿನ ಊರಿನವರ ಗದ್ದೆಗೆ ನೀರು ಸಾಕಾಗಿ, ಅವರು ತಮ್ಮ ತೂಬು ಮುಚ್ಚಿದ್ದರಿಂದ ಎರಡು ದಿನ ಮುಂಚೆಯೇ, ಕೋಳಿ ಕೂಗುವ ಹೊತ್ತಿಗೆ ಕಟ್ಟೆಗೆ ನೀರು ಬಂದುಬಿಟ್ಟಿತ್ತು. ಮಾದಮ್ಮನ ಎಮ್ಮೆ ಎಲ್ಲ ದನಕ್ಕಿಂತ ಮುಂದೆ ನಡೆಯುವಂಥದು. ಕಟ್ಟೆಗೆ ಹೋಗಲು ಅದಕ್ಕೆ ಯಾರ ಕೈಯೂ ಬೇಡ. ನೀರಿನ ವಾಸನೆ ಹಿಡಿದು, ದಾರಿ ಇದ್ದ ಜಾಗದಲ್ಲಿ ದಾರಿ ಇದೆಯೆಂದೇ ಕಾಲಿಟ್ಟಿತ್ತು.

"ಕೊಂಬಿಗೆ ಹಗ್ಗ ಹಾಕಿ ಹತ್ತು ಜನ ಎಳುದ್ರೆ?" ಎಂದ ಚಲುವರಾಜು. ಈಗ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

"ಕತ್ತು ಮುರೀತದೆ," ಎಂದಳು ಮಾದಮ್ಮ ಕೆಳಗಿನಿಂದ. "ವೊಟ್ಟೆಗೆ ಹಾಕುದ್ರೆ ಕರ ಸಾಯ್ತದೆ. ಯಾರೂ ಹಗ್ಗ ತರಬ್ಯಾಡಿ."

"ಇನ್ನೇನ್ ಮಾಡನವ್ವ? ಜೆಸಿಬಿಯೋರ್ಗೆ ಫೋನ್ ಮಾಡ್ಲಾ?" ಎಂದು ಯಾರೋ ಕೇಳಿದರು.

"ಜೆಸಿಬಿ ಸೇತ್ವೆ ದಾಟಂಗಿದ್ರೆ ನಾನ್ಯಾಕೆ ಒಂಬತ್ ದಿನ ಇಲ್ಲಿ ಸಾಯ್ತಿದ್ದೆ?" ಎಂದು ಲೋಕೇಶ ಅರಚಿದ. "ಗುದ್ಲಿ ತನ್ನಿ. ಮೂಲೇಲಿ ಅಗೀತಾ ಇರಿ. ನಾ ಗಾಡಿ ತತ್ತೀನಿ."

ಮಾದಮ್ಮ ತಲೆಯೆತ್ತಿ ಅವನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡ. ಬೈದಿದ್ದರೆ ಚೆನ್ನಾಗಿತ್ತು.

"ಬಿರ್ನೆ ಬಾ ಲೋಕಿ," ಎಂದಳು. "ನನ್ ಕಾಲೂ ಮರಗಟ್ತಾ ಅವೆ."

ಅವನು ಗದ್ದೆಯ ಬದುವಿನ ಮೇಲೆ ಓಡಿದ. ಚಪ್ಪಲಿ ಒಂದು ಎಲ್ಲೋ ಕಳಚಿತು. ಗಂಡ ಸತ್ತ ಹತ್ತು ವರ್ಷದಲ್ಲಿ ಮಾದಮ್ಮ ಅದೇ ಎಮ್ಮೆಯ ತಾಯಿಯ ಹಾಲು ಕರೆದು, ಆಮೇಲೆ ಇದರ ಹಾಲು ಕರೆದು ಬದುಕಿದವಳು. ಡೈರಿಗೆ ಹಾಲು ಹಾಕಿ ಬರುತ್ತ ದಾರಿಯಲ್ಲಿ ಸಿಕ್ಕ ಹುಡುಗರ ಬಾಯಿಗೆಲ್ಲ ಕ್ಯಾನಿನ ಮುಚ್ಚಳದಲ್ಲಿ ಒಂದೊಂದು ಗುಟುಕು ಹಾಲು ಹಾಕುತ್ತಿದ್ದಳು. ಹಾಗೆ ಕುಡಿದವರಲ್ಲಿ ಅವನೂ ಒಬ್ಬ. ಓಡುತ್ತ ಓಡುತ್ತ ಅವನಿಗೆ ಎಲ್ಲರ ಮೇಲೂ ಸಿಟ್ಟು ಬಂತು. ಎರಡು ದಿನ ಮುಂಚೆ ಬಂದ ನೀರಿನ ಮೇಲೆ, ಸೇತುವೆಯ ಮೇಲೆ, ಚಲುವರಾಜುವಿನ ಬಾಯಿಯ ಮೇಲೆ, ಅಪ್ಪನ ಮೇಲೆ. ಎಲ್ಲವನ್ನೂ ದಾಟಿ ಆ ಸಿಟ್ಟು ಬಂದು ನಿಂತದ್ದು ನಲವತ್ತು ಜನ ನೋಡಿದ ಒಂದು ಫೋಟೋದ ಮುಂದೆ.

ಹೊನ್ನಪ್ಪ ಹುಣಿಸೆಮರದ ಕೆಳಗೆ ಟ್ರಾಕ್ಟರಿನ ಚಕ್ರ ತೊಳೆಯುತ್ತಿದ್ದ. ಬಾನೆಟ್ಟಿನ ಮೇಲೆ ಮೂರು ಗೆರೆ ವಿಭೂತಿ ಇನ್ನೂ ಹಸಿಯಾಗಿತ್ತು. ಬ್ಲೇಡಿನ ಮೇಲೆ ಭಾರಕ್ಕೆಂದು ಕಟ್ಟಿದ್ದ ಮರಳಿನ ಮೂಟೆಗಳನ್ನು ಬಿಚ್ಚಿ ಪಕ್ಕಕ್ಕೆ ಹಾಕಿದ್ದ. ಚೀಲಗಳನ್ನೂ ತೊಳೆಯಬೇಕೆಂದು ಅವುಗಳ ಬಾಯಿ ಬಿಚ್ಚಿ ಮರಳು ಸುರಿದಿದ್ದ.

"ಕೀಲಿಕೈ ಕೊಡಪ್ಪ. ಮಾದವ್ವನ ಎಮ್ಮೆ ಕಟ್ಟೇಲಿ ಸಿಕ್ಕಾಕಂಡದೆ."

"ಎಳ್ಕಳ್ಳಿ. ಜನ ಇಲ್ವಾ?"

"ಗಬ್ಬದ ಎಮ್ಮೆ. ಎಳಿಯಂಗಿಲ್ಲ. ದಾರಿ ಕೊರೀಬೇಕು."

ಹೊನ್ನಪ್ಪ ಕೈಯಲ್ಲಿದ್ದ ಚಿಂದಿಬಟ್ಟೆಯನ್ನು ಬಕೀಟಿಗೆ ಅದ್ದಿ ಹಿಂಡಿದ. "ಸೋಮ್ವಾರ ಕಣ್ಲಾ."

"ಟ್ರಾಕ್ಟ್ರು ಉಲ್ಲು ತಿಂತದೇನಪ್ಪ? ಅದ್ಕೆ ಹೆಗಲು ನೋಯ್ತದಾ?"

"ಎತ್ತಿಗೆ ಮಾತ್ರ ಅಂತ ಯಾವನ್ ಹೇಳ್ದ ನಿಂಗೆ? ನೆಲಕ್ಕೂ ಒಂದಿನ ಬ್ಯಾಡ್ವಾ?" ಹೊನ್ನಪ್ಪ ಮಗನ ಕಡೆ ನೋಡದೆ ಮಾತಾಡುತ್ತಿದ್ದ. "ನಮ್ ಎತ್ತು ರಾಮನ್ನ ಸೋಮ್ವಾರ ನೊಗಕ್ಕೆ ಕಟ್ಟಿದ್ದೆ. ನಾಟಿ ವೊತ್ತು ಮೀರ್ತದೆ ಅಂತ ಒಂದೇ ಒಂದು ಸೋಮ್ವಾರ. ಬದುವಿನ್ ಮ್ಯಾಲೆ ಕಾಲು ಮುರ್ಕಂಡು ಬಿತ್ತು. ನಿಂಗಾಗ ಮೂರೊರ್ಸ. ಆಮ್ಯಾಕೆ ಮೂರ್ ರಾತ್ರಿ ಅದು ಕೂಗಿದ್ದು ನಂಗಿನ್ನೂ ಕೇಳ್ತದೆ. ಬ್ಯಾಡ. ಗುದ್ಲಿ ತಗಂಡೋಗು, ನಾನೂ ಬತ್ತೀನಿ."

"ಗುದ್ಲೀಲಿ ಅಗ್ಯಕ್ಕೆ ಸಂಜೆಯಾಯ್ತದೆ. ಅಷ್ಟೊತ್ಗೆ ಮಾದವ್ವನೂ ಇರಾಕಿಲ್ಲ, ಎಮ್ಮೇನೂ ಇರಾಕಿಲ್ಲ. ಕೊಡಪ್ಪೋ."

ಹೊನ್ನಪ್ಪ ಎಡಗೈಯನ್ನು ಸೊಂಟದ ಮೇಲೆ ಇಟ್ಟುಕೊಂಡ. ಅಷ್ಟೇ. ಬೇರೇನೂ ಮಾಡಲಿಲ್ಲ.

ಲೋಕೇಶ ಆ ಕೈಯನ್ನು ಹಿಡಿದು ಪಕ್ಕಕ್ಕೆ ಕಿತ್ತ. ಇನ್ನೊಂದು ಕೈ ಪಂಚೆಯ ಅಂಚಿನೊಳಕ್ಕೆ ಹೋಗಿ ಕೀಲಿಕೈಯನ್ನು ಹಿಡಿದು ಎಳೆಯಿತು. ಗಂಟು ಬಿಚ್ಚಲಿಲ್ಲ. ಎರಡನೇ ಸಲ ಎಳೆದಾಗ ಉಡಿದಾರವೇ ಹರಿದು ಬಂತು. ಹಳೇ ಕರೀ ದಾರ, ಬೆವರಿಗೆ ಗಟ್ಟಿಯಾಗಿತ್ತು, ನಡುವೆ ಒಂದು ತಾಮ್ರದ ತಾಯಿತ. ಬದುಕಿರುವ ಗಂಡಸಿನ ಸೊಂಟದಿಂದ ಅದನ್ನು ಯಾರೂ ಹರಿಯುವುದಿಲ್ಲ. ಹರಿಯುವುದು ಹೆಣ ತೊಳೆಯುವಾಗ.

ಇಬ್ಬರೂ ಅದನ್ನು ನೋಡಿದರು. ಹೊನ್ನಪ್ಪ ಸಡಿಲವಾದ ಪಂಚೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

ಲೋಕೇಶನ ಬಾಯಿಗೆ ಬಂದದ್ದು ಬೈಗುಳ, ಅದೂ ಯಾರಿಗೆಂದು ಗೊತ್ತಿರಲಿಲ್ಲ. ಹತ್ತಿ ಕೂತು ಕೀ ತಿರುಗಿಸಿದ. ದಾರ ಕೀಲಿಕೈಯಿಂದ ಜೋತು ಮೊಣಕಾಲಿಗೆ ತಾಗುತ್ತಿತ್ತು.

ಕಟ್ಟೆಗೆ ಬಂದಾಗ ನಾಲ್ಕು ಜನ ಹೊಂಗೆಮರದ ಮೂಲೆಯಲ್ಲಿ ಅಗೆಯುತ್ತಿದ್ದರು. ಒಂದು ಮೊಳವೂ ಇಳಿದಿರಲಿಲ್ಲ. ಮಾದಮ್ಮ ಎಮ್ಮೆಯನ್ನು ಹೇಗೋ ಆ ಮೂಲೆಯ ಹತ್ತಿರಕ್ಕೆ ಸರಿಸಿಕೊಂಡಿದ್ದಳು. ಅದರ ಮೂಗಿನ ಹೊಳ್ಳೆಗಳಷ್ಟೇ ನೀರಿನ ಮೇಲಿದ್ದವು.

ಬಕೆಟ್ಟಿನಿಂದ ಏರಿಯ ನೆತ್ತಿ ಒಡೆದ. ನಿನ್ನೆ ಬಟ್ಟೆಯಲ್ಲಿ ಒರೆಸಿದಂತೆ ಸವರಿದ್ದ ನೆತ್ತಿ. ಮಣ್ಣು ನೀರಿಗೆ ಬೀಳದ ಹಾಗೆ ಎತ್ತಿ, ಹಿಂದೆ ಸರಿದು, ಆಚೆ ಕಡೆಗೆ ಸುರಿದು, ಮತ್ತೆ ಬಂದು ಎತ್ತಿದ. ಮೂರಡಿ ಇಳಿಯುವ ತನಕ ಬಕೆಟ್ಟು ನಡೆಯಿತು. ಅಲ್ಲಿಂದ ಕೆಳಗೆ ಹಳೇ ಏರಿಯ ಗೊಚ್ಚು, ಕಲ್ಲಿನಂತೆ ಗಟ್ಟಿಯಾದ ಮಣ್ಣು. ಬಕೆಟ್ಟಿನ ಹಲ್ಲು ಅದರ ಮೇಲೆ ಕಿರ್ ಎಂದು ಜಾರಿತು. ಇಳಿಜಾರಿಗೆ ಮುಖ ಮಾಡಿ ಇನ್ನೂ ಮುಂದೆ ಹೋದರೆ ಗಾಡಿಯೇ ಮುಗ್ಗರಿಸುತ್ತಿತ್ತು. ಟ್ರಾಕ್ಟರನ್ನು ತಿರುಗಿಸಿ, ಹಿಂದುಹಿಂದಕ್ಕೆ ನೀರಿನ ಅಂಚಿನವರೆಗೆ ಇಳಿಸಿ, ಬ್ಲೇಡು ಬಿಟ್ಟು, ಮೇಲಕ್ಕೆ ಎಳೆದ. ಬ್ಲೇಡು ನೆಲದ ಮೇಲೆ ತೇಲಿತು. ಒಂದು ಬೆರಳು ಮಣ್ಣೂ ಬರಲಿಲ್ಲ. ಭಾರವಿಲ್ಲ. ಮರಳಿನ ಮೂಟೆಗಳು ಹುಣಿಸೆಮರದ ಕೆಳಗೆ ಬಾಯಿಬಿಟ್ಟು ಬಿದ್ದಿದ್ದವು.

"ಕಲ್ಲು ತನ್ರಲಾ," ಎಂದು ಕೂಗಿದ. "ಯಾವ್ದಾದ್ರೂ ತನ್ನಿ, ಬ್ಲೇಡ್ ಮ್ಯಾಲೆ ಏರಿ."

"ಕಲ್ಲಿಗೆ ನಾಲೆ ತಾವ್ಕೆ ಹೋಗ್ಬೇಕು," ಎಂದು ಯಾರೋ ಹೇಳಿದರು. "ನಾವೇ ನಿಂತ್ಕಂಡ್ರೆ?" ಎಂದರು ಇನ್ನೊಬ್ಬರು. ಆ ಮಾತಿಗೆ ಯಾರೂ ಅಲುಗಲಿಲ್ಲ. ಬ್ಲೇಡಿನ ಮೇಲೆ ನಿಂತವನು ಟ್ರಾಕ್ಟರಿಗೂ ನೀರಿಗೂ ನಡುವೆ ನಿಂತ ಹಾಗೆ. ಗಾಡಿ ಜಾರಿದರೆ ಮೊದಲು ಅವನ ಮೇಲೇ.

ಮಾದಮ್ಮ ಕೆಳಗೆ ಏನೋ ಅಂದಳು. ಇಂಜಿನ್ ಸದ್ದಿನಲ್ಲಿ ಕೇಳಲಿಲ್ಲ. ಅವಳ ತುಟಿ ನೀಲಿಯಾಗಿತ್ತು.

ಆಗ ಹಿಂದೆ ಗಾಡಿ ಸ್ವಲ್ಪ ಕುಗ್ಗಿತು. ಲೋಕೇಶ ತಿರುಗಿ ನೋಡಿದ. ಹೊನ್ನಪ್ಪ ಬ್ಲೇಡಿನ ಮೇಲೆ ಹತ್ತಿದ್ದ. ಬರಿಗಾಲು. ಒಂದು ಕೈಯಲ್ಲಿ ಪಂಚೆಯನ್ನು ಸೊಂಟದ ಹತ್ತಿರ ಮುದುರಿ ಹಿಡಿದಿದ್ದ, ಇನ್ನೊಂದು ಕೈ ಸೀಟಿನ ಹಿಂದಿನ ಕಂಬಿಯ ಮೇಲಿತ್ತು. ಕಾಲು ಅಗಲಿಸಿ, ಮೊಣಕಾಲು ತುಸು ಮಡಿಸಿ, ನಾಟಿಗೆ ಮುಂಚೆ ಕೆಸರುಗದ್ದೆ ಮಟ್ಟ ಮಾಡುವಾಗ ಎತ್ತಿನ ಹಿಂದೆ ಹಲಗೆಯ ಮೇಲೆ ನಿಲ್ಲುತ್ತಿದ್ದ ಹಾಗೆಯೇ ನಿಂತಿದ್ದ.

"ಇಳಿಯಪ್ಪ. ಜಾರ್ತದೆ."

"ಓಡ್ಸು."

"ಅಪ್ಪೋ, ಬ್ರೇಕು ಬುಟ್ರೆ ನಿನ್ ಮ್ಯಾಲೇ ಬತ್ತದೆ ಕಣಪ್ಪ."

"ಬುಡಬ್ಯಾಡ ಮತ್ತೆ," ಎಂದ ಹೊನ್ನಪ್ಪ. ಅವನ ಕಣ್ಣು ಎಮ್ಮೆಯ ಮೇಲಿತ್ತು.

ಲೋಕೇಶ ಹಿಂದಕ್ಕೆ ಇಳಿಸಿದ. ಅಪ್ಪನ ಕಾಲಿನ ಬೆರಳುಗಳಿಗೆ ನೀರು ತಾಗುವವರೆಗೆ ಇಳಿಸಿ, ಬ್ಲೇಡು ಬಿಟ್ಟು, ಮೊದಲನೇ ಗೇರಿನಲ್ಲಿ ಮೇಲಕ್ಕೆಳೆದ. ಈ ಸಲ ಬ್ಲೇಡು ಕಚ್ಚಿತು. ಗೊಚ್ಚು ಹೆಂಚಿನ ಚೂರಿನ ಹಾಗೆ ಎದ್ದು ಬಂತು. ನೆತ್ತಿಯ ಆಚೆ ಸುರಿದು ಮತ್ತೆ ಇಳಿಸಿದ. ಮತ್ತೆ ಎಳೆದ. ಒಂದೊಂದು ಸಲವೂ ಅಪ್ಪ ನೀರಿಗೆ ಒಂದು ಗೇಣು ಹೆಚ್ಚು ಇಳಿದು, ಮತ್ತೆ ಅವನ ಜೊತೆಗೇ ಮೇಲೆ ಬರುತ್ತಿದ್ದ. ನಾಲ್ಕನೇ ಸಲ ಬಲಗಡೆಯ ಚಕ್ರ ತಿರುಗಿದಲ್ಲೇ ತಿರುಗಿತು. ಗಾಡಿ ಮೇಲೆ ಹೋಗುವ ಬದಲು ಮೆಲ್ಲಗೆ ಹಿಂದಕ್ಕೆ ಸರಿಯಿತು. ಜನ ಹೋ ಎಂದರು. ಲೋಕೇಶ ಬ್ರೇಕಿನ ಮೇಲೆ ನಿಂತ. ಹಿಂದೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ಸ್ಟೇರಿಂಗು ಅಂಗೈಯಲ್ಲಿ ನಡುಗುತ್ತಿತ್ತು. ನೀರು ಕಲಕಿದ ಸದ್ದು ಕೇಳಿತು. ಆಮೇಲೆ ಅಪ್ಪನ ದನಿ ಕಿವಿಯ ಹತ್ತಿರವೇ ಬಂತು.

"ಅವ್ಸರ ಮಾಡಬ್ಯಾಡ. ಎಡಕ್ಕೆ ಚೂರು ತಿರುಗ್ಸು. ಅಲ್ಲಿ ಬೇರದೆ, ಹಿಡ್ಕತದೆ."

ಎಡಕ್ಕೆ ತಿರುಗಿಸಿದ. ಹೊಂಗೆಯ ಬೇರು ಚಕ್ರಕ್ಕೆ ಸಿಕ್ಕಿತು. ಗಾಡಿ ಒಂದು ಸಲ ಬಿಕ್ಕಿ ಮೇಲೆ ಹತ್ತಿತು.

ಹೆಂಗಸರು ಗದ್ದೆಯಿಂದ ಕಬ್ಬಿನ ಸೋಗೆ ತಬ್ಬಿಕೊಂಡು ಬಂದು ಇಳಿಜಾರಿನ ತುಂಬ ಹಾಸಿದರು. ಅವರಲ್ಲೊಬ್ಬಳಾದ ಪುಟ್ಟಗೌರಮ್ಮ ತನ್ನ ಕೊಟ್ಟಿಗೆಯ ಗೋಣಿಚೀಲಗಳನ್ನೆಲ್ಲ ತಂದು ನೀರಿನ ಅಂಚಿಗೆ ಹಾಕಿದಳು. ಚಲುವರಾಜು ಯಾರೂ ಹೇಳದೆ ಅಂಗಿ ಬಿಚ್ಚಿ ನೀರಿಗೆ ಇಳಿದು, ಎಮ್ಮೆಯ ಹಿಂದೆ ಹೋಗಿ, ಮುಳುಗಿ, ಕೈಯಿಂದಲೇ ಅದರ ಕಾಲಿನ ಸುತ್ತ ಹೂಳು ಬಗೆದ. ಎರಡು ಸಲ ಮುಳುಗಿ ಎದ್ದು ಕೆಸರು ಉಗುಳಿದ.

ಮಾದಮ್ಮ ಹಿಂದು ಹಿಂದಕ್ಕೆ ನಡೆಯುತ್ತ ಇಳಿಜಾರಿಗೆ ಬಂದಳು. ಹಾಲು ಕರೆಯಲು ಕೂತಾಗ ಮಾಡುವ ಸದ್ದು ಮಾಡಿದಳು, ನಾಲಿಗೆ ಅಂಗುಳಕ್ಕೆ ಒತ್ತಿ, ಚ್ವ ಚ್ವ ಎಂದು. ಎಮ್ಮೆ ಕೇಳಿಸದಂತೆ ನಿಂತಿತ್ತು. ಅವಳು ಮತ್ತೆ ಮಾಡಿದಳು. ಎಮ್ಮೆ ಒಂದು ಕಾಲು ಸೋಗೆಯ ಮೇಲಿಟ್ಟಿತು. ಅದನ್ನು ಅಲ್ಲೇ ಇಟ್ಟುಕೊಂಡು ಬಹಳ ಹೊತ್ತು ಯೋಚಿಸಿತು. ಆಮೇಲೆ ಇನ್ನೊಂದನ್ನು ಇಟ್ಟಿತು. ಬೆನ್ನಿನಿಂದ ನೀರು ಸುರಿಯುತ್ತ, ಹೊಟ್ಟೆ ಎರಡೂ ಕಡೆ ತೂಗುತ್ತ ಮೇಲೆ ಬಂತು. ನೆತ್ತಿ ದಾಟಿ ನಾಲ್ಕು ಹೆಜ್ಜೆ ನಡೆದು, ಹೊಂಗೆಯ ನೆರಳಿನಲ್ಲಿ ಮುಂಗಾಲು ಮಡಿಸಿ ಕುಸಿಯಿತು.

ಲೋಕೇಶ ಇಂಜಿನ್ ನಿಲ್ಲಿಸಿದ.

ಅವನ ಏರಿ ಮೂಲೆಯಲ್ಲಿ ಬಾಯಿ ತೆರೆದುಕೊಂಡು ನಿಂತಿತ್ತು. ನಡುವೆ, ಎಮ್ಮೆ ಎಗರಿದ ಕಡೆಯೆಲ್ಲ ಗೊರಸಿನ ಸೀಳು. ಹೊನ್ನಪ್ಪ ಬ್ಲೇಡಿನಿಂದ ಇಳಿದು, ಕಟ್ಟೆಯ ಕಡೆ ತಿರುಗಿ ನಿಂತು, ಒದ್ದೆ ಪಂಚೆ ಹಿಂಡುತ್ತಿದ್ದ. ಸೊಂಟದಲ್ಲಿ ದಾರ ಇದ್ದ ಜಾಗ ಬೆಳ್ಳಗೆ ಒಂದು ಗೀಟಾಗಿ ಕಾಣುತ್ತಿತ್ತು. ಲೋಕೇಶ ಕೀಲಿಕೈ ತೆಗೆದು, ಅದರಿಂದ ಉಡಿದಾರವನ್ನು ಬಿಚ್ಚಲು ನೋಡಿದ. ಗಂಟು ಬಿಗಿಯಾಗಿತ್ತು. ಉಗುರಿಗೆ ಸಿಗಲಿಲ್ಲ. ಹಾಗೇ ಜೇಬಿಗೆ ಹಾಕಿಕೊಂಡ.

ಮಾದಮ್ಮ ಎಮ್ಮೆಯ ಪಕ್ಕದಲ್ಲಿ ಕೂತು, ಅದರ ಬಲಪಕ್ಕೆಯ ಕೆಳಗೆ ಅಂಗೈ ಒತ್ತಿ ಹಿಡಿದಿದ್ದಳು. ಕೈ ಸರಿಸಿ ಇನ್ನೊಂದು ಕಡೆ ಒತ್ತಿದಳು. ಮತ್ತೆ ಸರಿಸಿದಳು. ಅವಳ ಬೆರಳುಗಳು ನೀರಿನಲ್ಲಿ ನೆನೆದು ಬಿಳಚಿ ಸುಕ್ಕಾಗಿದ್ದವು.

"ನಂಗೇನೂ ಗೊತ್ತಾಯ್ತಿಲ್ಲ ಕಣೋ," ಎಂದಳು. "ಕೈ ಸತ್ತೋಗದೆ. ಬಾ ಇಲ್ಲಿ. ನೀನ್ ನೋಡು."

ಅವನು ಮೊಣಕಾಲೂರಿ ಕೂತ. ಅವಳು ಅವನ ಗ್ರೀಸು ಮೆತ್ತಿದ ಕೈಯನ್ನು ಹಿಡಿದು ಎಮ್ಮೆಯ ಹೊಟ್ಟೆಯ ಮೇಲೆ ಒತ್ತಿದಳು. ತಣ್ಣಗಿನ ಒದ್ದೆ ಚರ್ಮ, ಅದರ ಒಳಗೆಲ್ಲೋ ಬಿಸಿ.

"ಕರ ಅಲ್ಲಾಡ್ತದಾ?"

ಅಂಗೈಯಲ್ಲಿ ಏನೋ ಮಿಡಿಯುತ್ತಿತ್ತು. ಸಣ್ಣಗೆ, ಬಿಡದೆ. ಅದು ಎಮ್ಮೆಯ ಹೊಟ್ಟೆಯದೋ, ಇಷ್ಟು ಹೊತ್ತು ಹಿಡಿದ ಸ್ಟೇರಿಂಗಿನದೋ ಅವನಿಗೆ ತಿಳಿಯಲಿಲ್ಲ. ಹಿಂದೆ ಅಪ್ಪ ಬಂದು ನಿಂತದ್ದು ನೆರಳಿನಿಂದ ಗೊತ್ತಾಯಿತು.

"ತಾಳು ದೊಡ್ಡವ್ವ," ಎಂದ ಲೋಕೇಶ.

ಕೈ ತೆಗೆಯದೆ, ಇಂಜಿನ್ನಿನ ನಡುಕ ತನ್ನ ಮೈಯಿಂದ ಇಳಿದುಹೋಗಲೆಂದು ಕಾಯುತ್ತ ಕೂತ.